ವಾಲಿದರೂ ಆರದ ಎಂಜಿನ್

ಬಜಾಜ್ ಸ್ಕೂಟರಿನ ಕಾಲವನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಬೆಳಿಗ್ಗೆ ಆಫೀಸಿಗೆ ಹೊರಟವರು ನಾಲ್ಕು ಕಿಕ್ ಹೊಡೆಯುತ್ತಾರೆ. ಸ್ಕೂಟರ್ ಕೆಮ್ಮುವುದೂ ಇಲ್ಲ. ಆಗ ಹ್ಯಾಂಡಲ್ ಹಿಡಿದು ಇಡೀ ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸುತ್ತಾರೆ. ಎರಡು ಕ್ಷಣ ಹಾಗೇ ಹಿಡಿದು, ಮತ್ತೆ ನೆಟ್ಟಗೆ ನಿಲ್ಲಿಸಿ, ಐದನೇ ಕಿಕ್ ಹೊಡೆದರೆ ಎಂಜಿನ್ ಶುರು. ಹುಬ್ಬಳ್ಳಿಯಿಂದ ದಾದರ್‌ವರೆಗೆ, ಮೈಸೂರಿನಿಂದ ಕರೋಲ್ ಬಾಗ್‌ವರೆಗೆ ಎಲ್ಲರೂ ಮಾಡುತ್ತಿದ್ದ ಈ ಕಸರತ್ತಿಗೆ ಕಾರಣ ಕೇಳಿದರೆ ‘ಪೆಟ್ರೋಲ್ ಬರ್ಲಿ ಅಂತ’ ಎಂಬುದಷ್ಟೇ ಉತ್ತರ. ಉತ್ತರ ಸರಿಯಾಗಿಯೇ ಇತ್ತು.

ಕಾರ್ಬುರೇಟರಿನ ಕೆಳಭಾಗದಲ್ಲಿ ಪುಟ್ಟದೊಂದು ಬಟ್ಟಲಿರುತ್ತದೆ. ಅದರೊಳಗೆ ತೇಲುವ ಒಂದು ಬುರುಡೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಫ್ಲೋಟ್. ಪೆಟ್ರೋಲ್ ತುಂಬಿದಂತೆ ಅದು ಮೇಲೇರಿ ಒಂದು ಸೂಜಿಯಿಂದ ಒಳದಾರಿಯನ್ನು ಮುಚ್ಚುತ್ತದೆ. ಪೆಟ್ರೋಲ್ ಖರ್ಚಾದಂತೆ ಇಳಿದು ದಾರಿ ಬಿಡುತ್ತದೆ. ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಹಾಕಿಸುವ ಬಾಲ್ ವಾಲ್ವ್‌ನ ಕಿರಿಯ ತಮ್ಮ ಇದು. ಗಾಡಿಯನ್ನು ವಾಲಿಸಿದಾಗ ಫ್ಲೋಟಿನ ಲೆಕ್ಕ ತಪ್ಪುತ್ತದೆ. ಬೇಕಾದದ್ದಕ್ಕಿಂತ ತುಸು ಹೆಚ್ಚು ಪೆಟ್ರೋಲ್ ಇಳಿಯುತ್ತದೆ, ತಣ್ಣಗೆ ಕುಳಿತಿದ್ದ ಎಂಜಿನ್‌ಗೆ ಅದರಿಂದ ಉಪಕಾರವೇ ಆಗುತ್ತದೆ.

ಈಗ ಇದನ್ನೇ ತಿರುಗಿಸಿ ಕೇಳಿ. ಎರಡು ಕ್ಷಣ ವಾಲಿಸಿದರೆ ಲೆಕ್ಕ ತಪ್ಪುವುದಾದರೆ, ಸದಾ ವಾಲುತ್ತಲೇ ಓಡುವ ಯಂತ್ರದ ಗತಿಯೇನು? ಸುಮಾರು ಒಂದು ಮೀಟರ್ ಉದ್ದದ ಆಟದ ದೋಣಿಯನ್ನು ಊಹಿಸಿಕೊಳ್ಳಿ. ಆಟದ್ದು ಎಂದರೆ ಮಕ್ಕಳದ್ದಲ್ಲ. ಒಳಗೆ 26 ಸಿಸಿಯ ಪೆಟ್ರೋಲ್ ಎಂಜಿನ್, ದಡದಲ್ಲಿ ನಿಂತವರ ಕೈಯಲ್ಲಿ ರೇಡಿಯೊ ನಿಯಂತ್ರಣ. ಅಲೆಯ ಮೇಲೆ ಅದು ಕುಪ್ಪಳಿಸುತ್ತದೆ, ತಿರುವಿನಲ್ಲಿ ಮಗ್ಗುಲಾಗುತ್ತದೆ, ಕೆಲವೊಮ್ಮೆ ಗಾಳಿಗೆ ಎದ್ದು ನೀರಿಗೆ ಅಪ್ಪಳಿಸುತ್ತದೆ. ಇಷ್ಟೆಲ್ಲದರ ನಡುವೆಯೂ ಅದರ ಎಂಜಿನ್‌ಗೆ ಕ್ಷಣಕ್ಷಣಕ್ಕೂ ಒಂದೇ ಅಳತೆಯ ಪೆಟ್ರೋಲ್ ಮುಟ್ಟುತ್ತಿರಬೇಕು.

ಇಂಥ ದೋಣಿಗೆ ಟ್ಯಾಂಕು, ಪೈಪು, ಫಿಲ್ಟರು, ಕಾರ್ಬುರೇಟರು ಜೋಡಿಸುವುದು ಇಂದು ಒಂದು ಸಂಜೆಯ ಕೆಲಸ. ಆದರೆ ಆ ಜೋಡಣೆಯ ಒಂದೊಂದು ತುಂಡೂ ಎಲ್ಲೋ ಒಂದು ಎಂಜಿನ್ ನಿಂತುಹೋದ ಕಥೆಯಿಂದ ಹುಟ್ಟಿದೆ. ಎಂಜಿನ್‌ಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹಾರ್ಸ್‌ಪವರ್‌ನ ಚರಿತ್ರೆಯಾಗಿ ಓದುತ್ತೇವೆ. ಇದು ಬೇರೆ ಚರಿತ್ರೆ: ಶಕ್ತಿ ಮೊದಲೇ ಸಿಕ್ಕಿತ್ತು, ಹನಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದು ತಡವಾಯಿತು.

ಬಟ್ಟಲು ಬಂದದ್ದು

ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸುವ ಮೊದಲ ಸಾಧನಗಳು ಒರಟಾಗಿದ್ದವು. ಪೆಟ್ರೋಲಿನ ಮೇಲೆ ಗಾಳಿ ಹಾಯಿಸಿ, ಎದ್ದ ಆವಿಯನ್ನು ಎಂಜಿನ್‌ಗೆ ಎಳೆದುಕೊಳ್ಳುತ್ತಿದ್ದರು. ಚಳಿ ಹೆಚ್ಚಾದರೆ ಆವಿ ಕಡಿಮೆ, ಬಿಸಿಲು ಹೆಚ್ಚಾದರೆ ಆವಿ ಹೆಚ್ಚು. 1893ರಲ್ಲಿ ಎರಡು ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದಾರಿ ಹೊಳೆಯಿತು. ಹಂಗೇರಿಯಲ್ಲಿ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೊಂಕಾ, ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೈಬಾಖ್, ಇವರು ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಯ ಹರಿವಿಗೆ ಚಿಮ್ಮಿಸುವ ಕಾರ್ಬುರೇಟರನ್ನು ರೂಪಿಸಿದರು. ಕೊಳವೆ ಕಿರಿದಾದಲ್ಲಿ ಗಾಳಿ ವೇಗವಾಗಿ ಹರಿಯುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ಆ ಇಳಿತ ಪೆಟ್ರೋಲನ್ನು ಮೇಲಕ್ಕೆ ಹೀರುತ್ತದೆ.

ಈ ಹೀರುವಿಕೆ ನಂಬಿಕೆಗೆ ಅರ್ಹವಾಗಬೇಕಾದರೆ ಒಂದು ಷರತ್ತಿತ್ತು. ರಂಧ್ರದ ಬುಡದಲ್ಲಿ ಪೆಟ್ರೋಲಿನ ಮಟ್ಟ ಯಾವಾಗಲೂ ಒಂದೇ ಇರಬೇಕು. ಮಟ್ಟ ಕೆಲವು ಮಿಲಿಮೀಟರ್ ಏರಿದರೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುತ್ತದೆ, ಇಳಿದರೆ ಗಾಳಿ ಹೆಚ್ಚುತ್ತದೆ. ಆ ಮಟ್ಟವನ್ನು ಕಾಯುವ ಕೆಲಸವೇ ಬಟ್ಟಲಿನದು, ಫ್ಲೋಟಿನದು. ಕಾರು ರಸ್ತೆಯ ಮೇಲೆ ಓಡುತ್ತದೆ, ರಸ್ತೆ ಬಹುತೇಕ ಮಟ್ಟಸವಾಗಿರುತ್ತದೆ, ಆದ್ದರಿಂದ ಈ ಏರ್ಪಾಟು ನೂರು ವರ್ಷ ನಡೆಯಿತು. ಭೂಮಿಯ ಸೆಳೆತ ಯಾವಾಗಲೂ ಕೆಳಮುಖವಾಗಿಯೇ ಇರುತ್ತದೆ ಎಂಬ ಊಹೆ ಅದರೊಳಗೆ ಅಡಗಿತ್ತು. ಆ ಊಹೆ ಮುರಿಯುವ ಜಾಗಗಳು ಒಂದೊಂದಾಗಿ ಎದುರಾದವು.

ಕಂಬಕ್ಕೆ ಕಟ್ಟಿದ ದೋಣಿ

ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ ತಗಡಿನ ಪಟಪಟ ದೋಣಿಯನ್ನು ಹಲವರು ನೋಡಿರುತ್ತೀರಿ. ಒಳಗೊಂದು ಎಣ್ಣೆಯ ಹಣತೆ, ಅದರ ಮೇಲೊಂದು ಪುಟ್ಟ ಬಾಯ್ಲರ್, ಹಿಂದಕ್ಕೆ ಎರಡು ಕೊಳವೆ. ಥಾಮಸ್ ಪಿಯೊ ಎಂಬಾತ 1891ರಲ್ಲೇ ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಕೇಳಿದ್ದ. ನೀರು ಆವಿಯಾಗಿ, ಆವಿ ಮತ್ತೆ ನೀರಾಗಿ, ಬಾಯ್ಲರಿನ ಮೇಲಿನ ತೆಳು ತಗಡು ಉಬ್ಬಿ ತಗ್ಗುವುದರಿಂದ ಆ ಪಟಪಟ ಸದ್ದು. ಇಂಧನದ ತಲೆನೋವು ಇದಕ್ಕಿಲ್ಲ. ಬೆಂಕಿ ಹೊರಗೇ ಉರಿಯುತ್ತದೆ, ಗಾಳಿ ಇಷ್ಟು ಎಣ್ಣೆ ಇಷ್ಟು ಎಂದು ಯಾರೂ ಅಳೆದುಕೊಡಬೇಕಿಲ್ಲ. ಉಗಿ ಎಂಜಿನ್ನಿನ ದೊಡ್ಡ ಸಮಾಧಾನ ಇದು.

ಬ್ರಿಟನ್ನಿನ ಹವ್ಯಾಸಿಗಳೂ ಉಗಿಯಿಂದಲೇ ಆರಂಭಿಸಿದರು. 1898ರಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯನ್ನು ಶುರುಮಾಡಿದರು. 1904ರಲ್ಲಿ ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಮಾದರಿ ಉಗಿದೋಣಿಗಳ ಕ್ಲಬ್ಬೊಂದು ಹುಟ್ಟಿತು. ಮನೆಯ ಹಿತ್ತಿಲ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಕೈಯಾರೆ ಸಿಲಿಂಡರ್ ಕೊರೆಯುವವರ ಲೋಕ ಅದು. 1924ರಲ್ಲಿ ಮಾಡೆಲ್ ಪವರ್ ಬೋಟ್ ಅಸೋಸಿಯೇಷನ್ ಸ್ಥಾಪನೆಯಾಗುವ ಹೊತ್ತಿಗೆ ಈ ಹವ್ಯಾಸದೊಳಗೆ ಪೆಟ್ರೋಲ್ ಎಂಜಿನ್ ಬಂದಿತ್ತು.

ರೇಡಿಯೊ ನಿಯಂತ್ರಣ ಇನ್ನೂ ಕೈಗೆ ಎಟುಕದ ಆ ದಿನಗಳಲ್ಲಿ ವೇಗದ ದೋಣಿಯನ್ನು ಓಡಿಸಲು ಒಂದೇ ಉಪಾಯ. ಕೊಳದ ನಡುವೆ ಕಂಬ ನೆಟ್ಟು, ತಂತಿಯಿಂದ ದೋಣಿಯನ್ನು ಕಟ್ಟಿ, ಗಾಣದ ಎತ್ತಿನಂತೆ ಸುತ್ತು ಹೊಡೆಸುವುದು. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆ ಸುತ್ತಿನ ಅಳತೆ 100 ಮೀಟರ್; ಅಂದರೆ ಕಂಬದಿಂದ ದೋಣಿಗೆ 16 ಮೀಟರಿಗೆ ತುಸು ಕಡಿಮೆ ದೂರ. ಇದರಲ್ಲೊಂದು ಸರಳ ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುತ್ತುವ ದೋಣಿಯೊಳಗಿನ ಪೆಟ್ರೋಲಿನ ಮೇಲೆ, ಭೂಮಿ ಕೆಳಕ್ಕೆ ಎಳೆಯುವ ಬಲದ ಸುಮಾರು 1.8 ಪಟ್ಟು ಬಲ ಹೊರಮಗ್ಗುಲಿಗೆ ಬೀಳುತ್ತದೆ. ದೋಣಿ ನೆಟ್ಟಗೇ ಇದ್ದರೂ ಟ್ಯಾಂಕಿನೊಳಗಿನ ಪೆಟ್ರೋಲಿನ ಮೇಲ್ಮೈ 60 ಡಿಗ್ರಿ ಓರೆಯಾಗಿ ಗೋಡೆ ಹತ್ತುತ್ತದೆ. ವೇಗ 100 ಕಿಲೋಮೀಟರಿಗೆ ಏರಿದರೆ ಆ ಬಲ ಸುಮಾರು ಐದು ಪಟ್ಟಾಗುತ್ತದೆ. ಅಲ್ಲಿಗೆ ಪೆಟ್ರೋಲಿನ ಪಾಲಿಗೆ ‘ಕೆಳಗೆ’ ಎಂದರೆ ‘ಪಕ್ಕಕ್ಕೆ’ ಎಂದೇ ಅರ್ಥ.

ದಡದಲ್ಲಿ ನಿಲ್ಲಿಸಿ ಹದ ಮಾಡಿದ ಎಂಜಿನ್ ನೀರಿಗಿಳಿದು ವೇಗ ಹಿಡಿದ ಕೂಡಲೇ ಬೇರೆಯೇ ಹದಕ್ಕೆ ಹೋಗುವುದು ಇದರಿಂದಾಗಿ. ಟ್ಯಾಂಕನ್ನು ಹೊರಮಗ್ಗುಲಿಗೆ ಸರಿಸಿದರೆ ಒಂದು ಪರಿಣಾಮ, ಒಳಮಗ್ಗುಲಿಗೆ ಸರಿಸಿದರೆ ಮತ್ತೊಂದು. ವೇಗದ ಮಾದರಿಗಳನ್ನು ಕಟ್ಟುವವರು ಅನೇಕ ಉಪಾಯ ಹೂಡಿದರು. ಕೋಳಿಗಳಿಗೆ ನೀರಿಡುವ, ಬಾಟಲಿಯನ್ನು ಬೋರಲಾಗಿಸಿದ ಬಟ್ಟಲಿನಂತೆ ಮಟ್ಟವನ್ನು ತಾನಾಗಿ ಕಾಯ್ದುಕೊಳ್ಳುವ ಒಂದು ಬಗೆಯ ಟ್ಯಾಂಕ್ ಬಂತು. ತಂತಿ ಹಿಡಿದು ಹಾರಿಸುವ ಮಾದರಿ ವಿಮಾನಗಳವರು ಶಾಯಿ ಪೆನ್ನಿನೊಳಗಿನ ರಬ್ಬರ್ ಚೀಲಕ್ಕೆ ಇಂಧನವನ್ನು ತುಂಬಿ ಉಬ್ಬಿಸಿಟ್ಟರು. ಚೀಲ ಕುಗ್ಗಲು ಹವಣಿಸುವ ಒತ್ತಡವೇ ಇಂಧನವನ್ನು ತಳ್ಳುತ್ತಿತ್ತು. ಭೂಮಿಯ ಸೆಳೆತವನ್ನು ನಂಬುವುದನ್ನು ಬಿಟ್ಟು, ಒಂದು ತೆಳು ಪೊರೆಯನ್ನು ನಂಬುವ ಯೋಚನೆ ಅದರಲ್ಲಿತ್ತು.

ಈ ಲೋಕದ ದೊಡ್ಡ ಮೇಷ್ಟ್ರು ಎಡ್ಗರ್ ವೆಸ್ಟ್‌ಬರಿ. ‘ಮಾಡೆಲ್ ಎಂಜಿನಿಯರ್’ ಪುಟಗಳಲ್ಲಿ ಅವರು ದಶಕಗಳ ಕಾಲ ಸಣ್ಣ ಪೆಟ್ರೋಲ್ ಎಂಜಿನ್‌ಗಳ ನಕ್ಷೆಗಳನ್ನೂ ಪಾಠಗಳನ್ನೂ ಕೊಟ್ಟರು. ಅವರ ‘ಆಟಮ್’ ಎಂಜಿನ್‌ಗಳು, 15 ಸಿಸಿಯೊಳಗೆ ನಾಲ್ಕು ಸಿಲಿಂಡರ್ ಕೂರಿಸಿದ ‘ಸೀಲ್’ ಎಂಜಿನ್ ಇಂದಿಗೂ ಹವ್ಯಾಸಿಗಳು ಕಟ್ಟುವ ನಮೂನೆಗಳು. ಎಂಜಿನ್‌ಗಳ ಜೊತೆಗೆ ಅವರು ಸಣ್ಣ ಕಾರ್ಬುರೇಟರುಗಳನ್ನೂ ಅಷ್ಟೇ ಶ್ರದ್ಧೆಯಿಂದ ರೂಪಿಸಿದರು. ಕಾರಿನ ಕಾರ್ಬುರೇಟರನ್ನು ಅಳತೆ ತಗ್ಗಿಸಿ ಮಾಡಿದರೆ ಸಣ್ಣ ಕಾರ್ಬುರೇಟರ್ ಆಗುವುದಿಲ್ಲ. ರಂಧ್ರ ಚಿಕ್ಕದಾದರೂ ಪೆಟ್ರೋಲಿನ ಜಿಗುಟು ಚಿಕ್ಕದಾಗುವುದಿಲ್ಲ, ಧೂಳಿನ ಕಣ ಚಿಕ್ಕದಾಗುವುದಿಲ್ಲ.

ಆಕಾಶದಲ್ಲಿ ಅದೇ ತೊಂದರೆ

ಕೊಳದಲ್ಲಿ ಎಂಜಿನ್ ನಿಂತರೆ ಸಂಜೆ ಹಾಳು, ಅಷ್ಟೇ. 1940ರಲ್ಲಿ ಇದೇ ತೊಂದರೆ ಜೀವಗಳನ್ನು ಪಣಕ್ಕಿಟ್ಟಿತು. ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್‌ಗೆ ಇದ್ದದ್ದು ಫ್ಲೋಟ್ ಬಟ್ಟಲಿನ ಕಾರ್ಬುರೇಟರ್. ಎದುರಾಳಿ ಜರ್ಮನಿಯ ಮೆಸ್ಸರ್‌ಶ್ಮಿಟ್ 109ರ ಎಂಜಿನ್‌ಗೆ ನೇರವಾಗಿ ಇಂಧನ ಚುಚ್ಚುವ ಇಂಜೆಕ್ಷನ್ ವ್ಯವಸ್ಥೆ. ಜರ್ಮನ್ ಪೈಲಟ್ ಮೂಗನ್ನು ಥಟ್ಟನೆ ಕೆಳಗೆ ಮಾಡಿ ಧುಮುಕಿದರೆ, ಬೆನ್ನಟ್ಟಿದ ಬ್ರಿಟಿಷ್ ಪೈಲಟ್ಟಿನ ಎಂಜಿನ್ ಉಸಿರುಗಟ್ಟುತ್ತಿತ್ತು. ಧುಮುಕುವ ಮೊದಲ ಕ್ಷಣದಲ್ಲಿ ಪೆಟ್ರೋಲ್ ಬಟ್ಟಲಿನ ಮೇಲ್ಛಾವಣಿಗೆ ಹಾರಿ ರಂಧ್ರ ಒಣಗುತ್ತಿತ್ತು. ಮರುಕ್ಷಣ ಫ್ಲೋಟ್ ತಲೆಕೆಳಗಾಗಿ, ಸೂಜಿ ಪೂರ್ತಿ ತೆರೆದು, ಪಂಪು ನೂಕಿದ ಪೆಟ್ರೋಲೆಲ್ಲ ಒಳನುಗ್ಗಿ ಎಂಜಿನ್ ಮುಳುಗುತ್ತಿತ್ತು.

ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿದ್ದ ಎಂಜಿನಿಯರ್ ಬಿಯಾಟ್ರಿಸ್ ಶಿಲಿಂಗ್ ಇದಕ್ಕೆ ತಕ್ಷಣದ ಮದ್ದು ಕಂಡುಹಿಡಿದರು. ಆಕೆ ಸ್ವತಃ ಮೋಟರ್‌ಸೈಕಲ್ ರೇಸುಗಾರ್ತಿ; ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿಗೂ ಮೀರಿ ಓಡಿಸಿ ಬಂಗಾರದ ನಕ್ಷತ್ರ ಪಡೆದವರು. ಅವರ ಮದ್ದು ನಡುವೆ ತೂತಿದ್ದ ಒಂದು ಪುಟ್ಟ ಲೋಹದ ತುಂಡು. ಎಂಜಿನ್‌ಗೆ ಪೂರ್ಣ ಶಕ್ತಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನು ಮಾತ್ರ ಆ ತೂತು ಬಿಡುತ್ತಿತ್ತು; ಹಾಗಾಗಿ ಫ್ಲೋಟ್ ಎಷ್ಟೇ ಬಾಯಿ ತೆರೆದರೂ ಎಂಜಿನ್ ಮುಳುಗುತ್ತಿರಲಿಲ್ಲ. 1941ರ ಮೊದಲ ತಿಂಗಳುಗಳಲ್ಲಿ ಶಿಲಿಂಗ್ ಪುಟ್ಟ ತಂಡದೊಂದಿಗೆ ವಿಮಾನನೆಲೆಯಿಂದ ವಿಮಾನನೆಲೆಗೆ ಸುತ್ತಿ ಅದನ್ನು ಅಳವಡಿಸಿದರು. ತಲೆಕೆಳಗಾಗಿ ಹೆಚ್ಚು ಹೊತ್ತು ಹಾರಲು ಅದರಿಂದ ಸಾಧ್ಯವಾಗಲಿಲ್ಲ, ಬೆನ್ನಟ್ಟಿ ಧುಮುಕಲು ಸಾಧ್ಯವಾಯಿತು. ಪೂರ್ತಿ ಪರಿಹಾರ ಬಂದದ್ದು ಬಟ್ಟಲನ್ನೇ ಕಿತ್ತುಹಾಕಿ, ಫ್ಲೋಟಿನ ಬದಲು ಒತ್ತಡಕ್ಕೆ ಮಿಡಿಯುವ ಪೊರೆಗಳನ್ನು ಬಳಸಿದ ಬೆಂಡಿಕ್ಸ್-ಸ್ಟ್ರಾಂಬರ್ಗ್ ಮಾದರಿಯ ಪ್ರೆಷರ್ ಕಾರ್ಬುರೇಟರುಗಳಿಂದ. ಅವು ದುಬಾರಿ, ಜಟಿಲ, ಗಾತ್ರದಲ್ಲಿ ದೊಡ್ಡವು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬರಬೇಕಾದರೆ ಇದೇ ಯೋಚನೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಬೇಕಿತ್ತು.

ಕಾಡಿನಿಂದ ಬಂದ ಉತ್ತರ

ಅದನ್ನು ಚಿಕ್ಕದಾಗಿಸುವ ಅವಸರ ಇದ್ದದ್ದು ಮರ ಕಡಿಯುವವರಿಗೆ. ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ತಂದ ಪೆಟ್ರೋಲ್ ಗರಗಸದ ತೂಕ 46 ಕಿಲೋ. ಇಬ್ಬರು ಹಿಡಿದು ನಡೆಸಬೇಕು. ಮರ ಉರುಳಿಸುವಾಗ ಗರಗಸದ ಅಲಗು ನೆಲಕ್ಕೆ ಸಮನಾಗಿ ಮಲಗಿರಬೇಕು, ಉರುಳಿದ ಮರವನ್ನು ತುಂಡರಿಸುವಾಗ ನೆಟ್ಟಗಿರಬೇಕು. ಎಂಜಿನ್ ಮಾತ್ರ ಎರಡೂ ಸಲ ನೆಟ್ಟಗೇ ಇರಬೇಕು, ಏಕೆಂದರೆ ಫ್ಲೋಟ್. ಹೀಗಾಗಿ ಆ ಕಾಲದ ಎಷ್ಟೋ ಗರಗಸಗಳಲ್ಲಿ ಅಲಗನ್ನೇ ಬೇಕಾದ ಕಡೆಗೆ ತಿರುಗಿಸುವ ಗೇರುಪೆಟ್ಟಿಗೆಯನ್ನು ಕೂರಿಸುತ್ತಿದ್ದರು. ಒಂದು ಬಟ್ಟಲು ಪೆಟ್ರೋಲನ್ನು ಮಟ್ಟದಲ್ಲಿಡಲು ಕಿಲೋಗಟ್ಟಲೆ ಕಬ್ಬಿಣ.

1940ರ ದಶಕದ ಕೊನೆಯಿಂದ ಈ ಚಿತ್ರ ಬದಲಾಯಿತು. ಅಮೆರಿಕದ ಮೆಕ್‌ಕಲಕ್ ಕಂಪನಿ 1949ರಲ್ಲಿ ತಂದ ‘3-25’ ಗರಗಸದ ತೂಕ 25 ಪೌಂಡ್, ಅಂದರೆ 11 ಕಿಲೋ ಚಿಲ್ಲರೆ, ಒಬ್ಬನೇ ಹಿಡಿಯಬಹುದು. ಮುಂದಿನ ಒಂದು ದಶಕದಲ್ಲಿ ಒಬ್ಬನೇ ಹಿಡಿದು ಯಾವ ಓರೆಯಲ್ಲಿ ಬೇಕಾದರೂ ಓಡಿಸುವ ಗರಗಸವೇ ರೂಢಿಯಾಯಿತು. ಅದನ್ನು ಸಾಧ್ಯವಾಗಿಸಿದ್ದು ಡಯಾಫ್ರಾಮ್ ಕಾರ್ಬುರೇಟರ್, ಫ್ಲೋಟಿನ ಜಾಗದಲ್ಲಿ ಪೊರೆ ಇಟ್ಟ ಸಾಧನ. ಒಹಾಯೊದ ಟಿಲ್ಲಟ್‌ಸನ್, ವಾಲ್ಟರ್ ವಾಲ್ಪೋಲ್ 1950ರಲ್ಲಿ ಸ್ಥಾಪಿಸಿದ ವಾಲ್‌ಬ್ರೊ, ಇವು ಈ ಕಾರ್ಬುರೇಟರಿನಿಂದ ಮನೆಮಾತಾದ ಕಂಪನಿಗಳು.

ಅದರ ಕೆಲಸ ನೋಡುವುದಕ್ಕೆ ಸೊಗಸು. ಒಳಗೆ ಎರಡು ಪೊರೆಗಳಿವೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ, ಪಿಸ್ಟನ್ ಇಳಿದಾಗ ಒತ್ತಡ ಏರುತ್ತದೆ. ಈ ಮಿಡಿತವನ್ನು ಒಂದು ಸಣ್ಣ ತೂತಿನ ಮೂಲಕ ಮೊದಲ ಪೊರೆಗೆ ಮುಟ್ಟಿಸುತ್ತಾರೆ. ಪೊರೆ ಬಡಿದುಕೊಳ್ಳುತ್ತದೆ, ಜಾತ್ರೆಯ ದೋಣಿಯ ತಗಡಿನಂತೆಯೇ. ಆ ಬಡಿತ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಮುಂದಕ್ಕೆ ನೂಕುತ್ತದೆ. ಎಂಜಿನ್ ತನ್ನ ಉಸಿರಿನಿಂದಲೇ ತನ್ನ ಊಟವನ್ನು ಎಳೆದುಕೊಳ್ಳುತ್ತದೆ ಎನ್ನಬಹುದು.

ಎರಡನೆಯ ಪೊರೆ ಅಳತೆಗಾರ. ಅದರ ಒಂದು ಬದಿಗೆ ಪೆಟ್ರೋಲ್, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎಂಜಿನ್ ಪೆಟ್ರೋಲ್ ಹೀರಿದಾಗ ಆ ಬದಿಯ ಒತ್ತಡ ಇಳಿಯುತ್ತದೆ, ಗಾಳಿ ಪೊರೆಯನ್ನು ಒಳಕ್ಕೆ ಒತ್ತುತ್ತದೆ, ಪೊರೆ ಒಂದು ಪುಟ್ಟ ಸನ್ನೆಯನ್ನು ಅದುಮುತ್ತದೆ, ಸನ್ನೆ ಸೂಜಿಯನ್ನು ಎತ್ತುತ್ತದೆ, ಬೇಕಾದಷ್ಟು ಪೆಟ್ರೋಲ್ ಒಳಬರುತ್ತದೆ. ಮಟ್ಟ ಎಂಬ ಮಾತೇ ಇಲ್ಲ. ಇರುವುದು ಒತ್ತಡದ ಸಮತೋಲ. ತಲೆಕೆಳಗಾಗಿ ಹಿಡಿದರೂ ವಾತಾವರಣದ ಒತ್ತಡ ಬದಲಾಗುವುದಿಲ್ಲವಲ್ಲ.

ಕಾಡಿನ ಮಟ್ಟಿಗೆ ಇದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಇಬ್ಬರು ಹೊರುತ್ತಿದ್ದ ಗರಗಸ ಒಬ್ಬನ ಕೈಗೆ ಬಂದ ಮೇಲೆ ಮರ ಉರುಳುವ ವೇಗ ಎಷ್ಟು ಏರಿತೆಂಬುದನ್ನು ಭೂಮಿಯ ಮೇಲಿನ ಬೋಳುಗುಡ್ಡಗಳೇ ಹೇಳುತ್ತವೆ. ಒಂದು ಸಮಸ್ಯೆಯನ್ನು ಸೊಗಸಾಗಿ ಬಿಡಿಸಿದ ಉಪಕರಣ ಲೋಕಕ್ಕೆ ಒಳಿತನ್ನೇ ಮಾಡಬೇಕೆಂದಿಲ್ಲ.

ಹರಳೆಣ್ಣೆಯ ನಡುಗಾಲ

ಇದು ನಡೆಯುತ್ತಿದ್ದಾಗ ಮಾದರಿ ದೋಣಿಗಳವರು ಮಾತ್ರ ಪೆಟ್ರೋಲಿನಿಂದ ದೂರ ಸರಿದಿದ್ದರು. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ ಅನ್ನು ಮಾರುಕಟ್ಟೆಗೆ ತಂದರು. ಬ್ಯಾಟರಿ, ಕಾಯಿಲ್, ಕಂಡೆನ್ಸರ್ ಹೊತ್ತು ಕಿಡಿ ಹಾರಿಸುವ ಗೋಜೇ ಬೇಡ. ಒಮ್ಮೆ ಕಾಯಿಸಿದ ಪ್ಲಾಟಿನಂ ತಂತಿ ತಾನೇ ಕೆಂಪಗಿದ್ದು ಉರಿ ಹಚ್ಚುತ್ತಿರುತ್ತದೆ. ಅದಕ್ಕೆ ಬೇಕಾದ ಇಂಧನ ಮೆಥನಾಲ್, ಜೊತೆಗೆ ನೈಟ್ರೊಮೀಥೇನ್, ನುಣುಪಿಗೆ ಹರಳೆಣ್ಣೆ. ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ, ಬಿಸಿಗೆ ಜಗ್ಗದ ಅದರ ಗುಣದಿಂದಾಗಿ, ಲೋಕದ ಕೊಳಗಳ ಮೇಲೆಲ್ಲ ನೀಲಿ ಹೊಗೆಯಾಗಿ ತೇಲಿತು. ಈ ಎಂಜಿನ್‌ಗಳಿಗೆ ಫ್ಲೋಟೂ ಇಲ್ಲ, ಪೊರೆಯೂ ಇಲ್ಲ; ಹೊಗೆಕೊಳವೆಯಿಂದ ಒಂದು ನಳಿಗೆ ಎಳೆದು ಆ ಒತ್ತಡವನ್ನೇ ಟ್ಯಾಂಕಿಗೆ ಕೊಟ್ಟು ಇಂಧನವನ್ನು ತಳ್ಳಿಸುತ್ತಿದ್ದರು.

ಆದರೆ ಮೆಥನಾಲ್, ನೈಟ್ರೊ ದುಬಾರಿ. ದೋಣಿ ದೊಡ್ಡದಾದಂತೆ ಖರ್ಚು ಜೇಬು ಸುಡುತ್ತಿತ್ತು. ರೇಡಿಯೊ ನಿಯಂತ್ರಣ ಅಗ್ಗವಾಗಿ, ದೋಣಿಗಳು ಕಂಬದಿಂದ ಬಿಡುಗಡೆಯಾಗಿ, ಗಾತ್ರದಲ್ಲಿ ಬೆಳೆದ ಮೇಲೆ ಹವ್ಯಾಸಿಗಳ ಕಣ್ಣು ತೋಟದ ಸಾಮಾನಿನ ಅಂಗಡಿಯ ಕಡೆಗೆ ತಿರುಗಿತು. ಗರಗಸದಿಂದ, ಹುಲ್ಲು ಹೊಡೆಯುವ ಬ್ರಷ್ ಕಟರಿನಿಂದ ಎಂಜಿನ್ ಬಿಚ್ಚಿ, ತಂಪಿಗೆ ನೀರು ಹಾಯಿಸುವ ಹೊದಿಕೆ ಮಾಡಿ ದೋಣಿಗೆ ಕೂರಿಸಿದರು. ಬ್ರಷ್ ಕಟರ್ ಎಂಜಿನ್‌ಗಳಿಗೆ ಹೆಸರಾಗಿದ್ದ ಜಪಾನಿನ ಜೆನೋವಾ ಕಂಪನಿ ಕಡೆಗೆ 23 ಮತ್ತು 26 ಸಿಸಿಯ, ನೀರಿನಿಂದ ತಣಿಯುವ ದೋಣಿ ಎಂಜಿನ್‌ಗಳನ್ನೇ ತಯಾರಿಸಿತು. ಕಾರ್ಬುರೇಟರ್ ಮಾತ್ರ ಬದಲಾಗಲಿಲ್ಲ. ಅದು ಕಾಡಿನ ಮರಗಡುಕರಿಗೆಂದು ಹುಟ್ಟಿದ್ದೇ.

ಟ್ಯಾಂಕಿನಿಂದ ಸೂಜಿಯವರೆಗೆ

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ದೋಣಿಯೊಂದರ ಮುಚ್ಚಳ ತೆಗೆದು ನೋಡಿ.

ಮೊದಲು ಟ್ಯಾಂಕ್. ಅರ್ಧ ಲೀಟರ್ ಆಸುಪಾಸಿನ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಳುಕುವ ನಳಿಗೆ, ಅದರ ತುದಿಗೆ ಒಂದು ಭಾರದ ಗುಂಡು. ಪೆಟ್ರೋಲ್ ಯಾವ ಮೂಲೆಗೆ ಓಡುತ್ತದೋ ಗುಂಡೂ ಅದರ ಹಿಂದೆಯೇ ಓಡಬೇಕು. ರೇಸಿನ ದೋಣಿಗಳು ಸಾಮಾನ್ಯವಾಗಿ ಬಲಕ್ಕೇ ತಿರುಗುತ್ತವೆ. ಆಗ ಪೆಟ್ರೋಲ್ ಎಡಮಗ್ಗುಲಿಗೆ ನುಗ್ಗುತ್ತದೆ. ವೇಗ ಏರುವಾಗ ಹಿಂದಕ್ಕೆ ನುಗ್ಗುತ್ತದೆ. ಹಾಗಾಗಿ ಗುಂಡು ಹಿಂದಿನ ಎಡಮೂಲೆಯನ್ನು ಸಲೀಸಾಗಿ ತಲುಪುವಂತಿರಬೇಕು, ನಳಿಗೆ ಅಲ್ಲಿಗೆ ಸಾಲದಷ್ಟು ಗಿಡ್ಡವಾಗಲಿ, ಮಡಚಿಕೊಳ್ಳುವಷ್ಟು ಉದ್ದವಾಗಲಿ ಇರಬಾರದು. ಕಂಬದ ಸುತ್ತ ಓಡುತ್ತಿದ್ದ ದೋಣಿಗಳ ಪಾಠ ಇದು.

ಎರಡನೆಯದು ಗಾಳಿಯ ದಾರಿ. ಪೆಟ್ರೋಲ್ ಹೊರಹೋದಷ್ಟು ಗಾಳಿ ಒಳಬರಬೇಕು, ಇಲ್ಲದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿ ಪಂಪು ಸೋಲುತ್ತದೆ. ಪೆಟ್ರೋಲ್ ಮುಚ್ಚಳದ ತೂತು ಕಟ್ಟಿಕೊಂಡ ಸ್ಕೂಟರ್ ಒಂದೆರಡು ಕಿಲೋಮೀಟರಿಗೆ ನಿಲ್ಲುವುದು ಇದರಿಂದಲೇ. ದೋಣಿ ಮಗುಚಿಕೊಂಡರೂ ನೀರು ಒಳಬಾರದಂತೆ, ಪೆಟ್ರೋಲ್ ಹೊರಚೆಲ್ಲದಂತೆ ಈ ದಾರಿಗೊಂದು ಏಕಮುಖ ವಾಲ್ವ್ ಹಾಕಿ, ಅದರ ಬಾಯನ್ನು ಒಡಲಿನ ಹೊರಗೆ ಬಿಡುತ್ತಾರೆ. ಒಳಗೆ ಬಿಟ್ಟರೆ ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ನೀರಿನಂತೆ ಮಡುಗಟ್ಟಿ ಒಂದು ಕಿಡಿಗೆ ಕಾಯುತ್ತದೆ. ದೊಡ್ಡ ದೋಣಿಗಳಿಗೂ ಇದೇ ನಿಯಮ.

ಮೂರನೆಯದು ನಳಿಗೆ. ಮೆಥನಾಲಿನ ಕಾಲದ ಸಿಲಿಕಾನ್ ನಳಿಗೆ ಪೆಟ್ರೋಲಿನಲ್ಲಿ ಊದಿಕೊಂಡು ಕೆಡುತ್ತದೆ. ಪೆಟ್ರೋಲಿಗೆಂದೇ ಬರುವ ಹಳದಿ ಬಣ್ಣದ ಟೈಗಾನ್ ಬಗೆಯದು ಬೇಕು, ಅದೂ ವರ್ಷಗಳಲ್ಲಿ ಪೆಡಸಾಗುತ್ತದೆ. ಸೇರುವೆಗಳಲ್ಲಿ ಕೂದಲೆಳೆಯ ಸೀಳಿದ್ದರೂ ಸಾಕು: ಪಂಪು ಎಳೆಯುವ ಕಡೆ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಬರುತ್ತದೆ. ಕಣ್ಣಿಗೆ ಯಾವ ಹನಿಯೂ ಕಾಣದು. ನಳಿಗೆಗೆ ಊದಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು ಅದಕ್ಕಾಗಿ.

ಒಂದು ಗುಳ್ಳೆಯಿಂದ ಏನಾಗುತ್ತದೆ? ಲೆಕ್ಕ ಹಾಕೋಣ. 26 ಸಿಸಿ ಎಂಜಿನ್ ನಿಮಿಷಕ್ಕೆ 15,000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 0.8 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. 3 ಮಿಲಿಮೀಟರ್ ಒಳಹರವಿನ ನಳಿಗೆಯಲ್ಲಿ ಒಂದು ಸೆಂಟಿಮೀಟರ್ ಉದ್ದದ ಗುಳ್ಳೆ ಎಂದರೆ 0.07 ಮಿಲಿಲೀಟರ್. ಅಂದರೆ ಒಂದು ಗುಳ್ಳೆಗೆ ಇಪ್ಪತ್ತು ಚಿಲ್ಲರೆ ಸುತ್ತು ಉಪವಾಸ. ಎಂಜಿನ್‌ಗೆ ಜಾರೆಣ್ಣೆ ಬರುವುದೂ ಪೆಟ್ರೋಲಿನಲ್ಲಿ ಬೆರೆತೇ. ಲೀಟರಿಗೆ 40 ಮಿಲಿಲೀಟರ್ ಹಾಕುವುದು ಸಾಮಾನ್ಯ ರೂಢಿ. ಹಾಗಾಗಿ ಹಸಿದ ಎಂಜಿನ್ ಒಣಗಿದ ಎಂಜಿನ್ ಕೂಡ. ಗುಳ್ಳೆಗಳು ಸಾಲುಗಟ್ಟಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ನಾಲ್ಕನೆಯದು ಕಾರ್ಬುರೇಟರ್. ಮಿಡಿತ ಬರುವ ಆ ಸಣ್ಣ ತೂತು ಎಂಜಿನ್ ಮತ್ತು ಕಾರ್ಬುರೇಟರ್ ನಡುವಿನ ಗ್ಯಾಸ್ಕೆಟ್ ಮೂಲಕ ಹಾಯುತ್ತದೆ. ಗ್ಯಾಸ್ಕೆಟ್ಟನ್ನು ತಿರುವುಮುರುವಾಗಿ ಹಾಕಿದರೆ ತೂತು ಮುಚ್ಚಿ, ಎಲ್ಲವೂ ಹೊಸದಾಗಿದ್ದರೂ ಪೆಟ್ರೋಲ್ ಏರುವುದಿಲ್ಲ. ಅಳತೆಗಾರ ಪೊರೆಯ ಮೇಲಿನ ಮುಚ್ಚಳದ ತೂತು ಗಾಳಿಗೆ ತೆರೆದಿರಬೇಕು. ಹೊಗೆಕೊಳವೆಯಿಂದ ಟ್ಯಾಂಕಿಗೆ ಒತ್ತಡ ಕೊಡುವ ಹಳೆಯ ಅಭ್ಯಾಸ ಇಲ್ಲಿ ಬೇಡ. ಪಂಪು ಇದೆ, ಹೆಚ್ಚಿನ ಒತ್ತಡ ಸೂಜಿಯನ್ನು ಸೋಲಿಸಿ ಎಂಜಿನ್ನನ್ನು ಮುಳುಗಿಸುತ್ತದೆ. 1940ರ ಪೈಲಟ್‌ಗಳಿಗೆ ಆದದ್ದೂ ಅದೇ.

ಕೊನೆಯದಾಗಿ ಎರಡು ತಿರುಪುಗಳು: ನಿಧಾನ ಓಟಕ್ಕೊಂದು, ವೇಗಕ್ಕೊಂದು. ಎರಡನ್ನೂ ಪೂರ್ತಿ ಮುಚ್ಚಿ, ಒಂದು ಒಂದೂಕಾಲು ಸುತ್ತು ಬಿಚ್ಚಿ ಆರಂಭಿಸುತ್ತಾರೆ. ನಿಜವಾದ ಹದ ಸಿಗುವುದು ನೀರಿನಲ್ಲಿ, ಪ್ರೊಪೆಲ್ಲರಿಗೆ ಭಾರ ಬಿದ್ದಾಗ. ಹೆಚ್ಚು ಪೆಟ್ರೋಲಿನಿಂದ ಹೊರಟು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ, ಪ್ರತಿಸಲ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಕಾಫಿಪುಡಿಯ ಕಂದು ಇದ್ದರೆ ಸರಿ, ಬೆಳ್ಳಗಿದ್ದರೆ ಎಂಜಿನ್ ಹಸಿದಿದೆ. ಪೆಟ್ರೋಲ್ ಕಡಿಮೆಯಾದಂತೆ ಎಂಜಿನ್ ಇನ್ನಷ್ಟು ಉತ್ಸಾಹದಿಂದ ಹಾಡುತ್ತದೆ, ದೋಣಿ ಇನ್ನೆರಡು ಕಿಲೋಮೀಟರ್ ಹೆಚ್ಚು ಓಡುತ್ತದೆ. ಆ ಹಾಡಿಗೆ ಮರುಳಾದವರು ಪಿಸ್ಟನ್ ಕೊಳ್ಳುತ್ತಾರೆ.

ಇಳಿಜಾರಿನ ತೋಟದಲ್ಲಿ

ಮಾದರಿ ದೋಣಿಯ ರೇಸನ್ನು ನೋಡುವ ಅವಕಾಶ ನಮ್ಮಲ್ಲಿ ಬಹಳ ಮಂದಿಗೆ ಸಿಕ್ಕಿಲ್ಲ. ಆದರೆ ಅದರ ಕಾರ್ಬುರೇಟರನ್ನು ಮಲೆನಾಡಿನ ಮನೆಮನೆ ಬಲ್ಲದು. ಅಡಿಕೆ ತೋಟದ ಅಂಚಿನಲ್ಲಿ, ಕಾಫಿ ತೋಟದ ಇಳಿಜಾರಿನಲ್ಲಿ ಮಳೆಗಾಲದ ಹುಲ್ಲು ಹೊಡೆಯುವ ಮಷೀನು ಹೆಗಲಿಗೇರಿಸಿದವರ ಬೆನ್ನ ಹಿಂದೆ ಗೊರಗುಡುವುದು ಇದೇ ಕುಟುಂಬದ ಎಂಜಿನ್. ಗುಡ್ಡದ ಮೇಲೆ ಮನುಷ್ಯ ಹೇಗೆ ಬಾಗಿದರೂ ಅದು ಆರುವುದಿಲ್ಲವೆಂದರೆ ಒಳಗೆ ಆ ಎರಡು ಪೊರೆಗಳು ಬಡಿದುಕೊಳ್ಳುತ್ತಿವೆ ಎಂದೇ ಅರ್ಥ. ಒಂದು ಮಳೆಗಾಲ ಮುಗಿಸಿ ಪೆಟ್ರೋಲ್ ತುಂಬಿಟ್ಟೇ ಮೂಲೆಗಿಟ್ಟರೆ ಮುಂದಿನ ಮಳೆಗಾಲಕ್ಕೆ ಮಷೀನು ಮುನಿಸಿಕೊಳ್ಳುವುದಕ್ಕೂ ಅವೇ ಕಾರಣ. ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ, ಪೊರೆ ಸೆಟೆದುಕೊಳ್ಳುತ್ತದೆ.

ಈಗ ಇದಕ್ಕೊಂದು ಹೊಸ ಅಧ್ಯಾಯ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. ಕಾರುಗಳ ಮೈಲೇಜಿನ ವಾದ ಎಲ್ಲರಿಗೂ ಗೊತ್ತು. ಸಣ್ಣ ಎರಡು ಸ್ಟ್ರೋಕ್ ಎಂಜಿನ್ನಿನ ಕಷ್ಟ ಬೇರೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಳದಲ್ಲಿ ಇರುವುದು ಹೀರುವ ಗುಂಡು. ಜಾರೆಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪರಿಹಾರ ಸರಳ: ಬೇಕಾದಷ್ಟೇ ಬೆರೆಸುವುದು, ಬೇಗ ಬಳಸುವುದು, ಕೆಲಸ ಮುಗಿದ ಮೇಲೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡುವುದು. ಮೂವತ್ತು ನಲವತ್ತು ಸಾವಿರದ ಮಷೀನನ್ನು ಸಾಲ ಮಾಡಿ ಕೊಂಡ ರೈತನಿಗೆ ಇದು ಹವ್ಯಾಸದ ವಿಷಯವಲ್ಲ.

ಈ ಸಣ್ಣ ಎಂಜಿನ್‌ಗಳ ಜಾಗಕ್ಕೆ ಬ್ಯಾಟರಿ ಬರುತ್ತಿದೆ. ವೇಗದ ಮಾದರಿ ದೋಣಿಗಳು ಆಗಲೇ ವಿದ್ಯುತ್ತಿನ ಕಡೆ ಸರಿಯುತ್ತಿವೆ, ತೋಟದ ಮಷೀನುಗಳೂ ಅದೇ ದಾರಿ ಹಿಡಿದಿವೆ. ತಂತಿಯೊಳಗಿನ ವಿದ್ಯುತ್ತಿಗೆ ಮೇಲೆ ಕೆಳಗೆ ಎಂಬುದಿಲ್ಲ, ಗುಳ್ಳೆ ಎಂಬುದಿಲ್ಲ. 1893ರ ಬಟ್ಟಲಿನಿಂದ ಶುರುವಾದ ಈ ಪರದಾಟ ನಮ್ಮ ಕಾಲದಲ್ಲೇ ಮುಗಿಯಬಹುದು. ಮುಗಿಯುವ ಮುನ್ನ ಎಲ್ಲಾದರೂ ಹಳೆಯ ಬ್ರಷ್ ಕಟರೊಂದು ಕೈಗೆ ಸಿಕ್ಕರೆ ಅದರ ಕಾರ್ಬುರೇಟರಿನ ನಾಲ್ಕು ತಿರುಪು ಬಿಚ್ಚಿ ನೋಡಿ. ಅಂಚೆಚೀಟಿಗಿಂತ ತುಸು ದೊಡ್ಡದೊಂದು ಪೊರೆ ಸಿಗುತ್ತದೆ. ಬೆರಳ ತುದಿಯಿಂದ ಒತ್ತಿದರೆ ಸೂಜಿ ಏಳುವುದು ಕಾಣುತ್ತದೆ.